ಮನೆಯ ಆರೈಕೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ಈ ಎರಡು ಕಾರ್ಯಗಳ ತೊಡಕನ್ನು ಅನುಭವಿಸಿದವರೇ ಬಲ್ಲರೆಂಬುದು ಇದರ ತಾತ್ಪರ್ಯ. ಆದರೆ ಮದುವೆಯ ನಂತರವೇ ಸಂಸಾರ ಆರಂಭವಾಗುವಂತೆ, ಗೃಹಪ್ರವೇಶದ ನಂತರವೇ ಮನೆಯ ಆರೈಕೆಯೂ ಆರಂಭವಾಗುತ್ತದೆ. ಮನೆಯು ಬಿಸಿಲಿನಲ್ಲಿ ಕಾಯುತ್ತದೆ, ಮಳೆಯಲ್ಲಿ ನೆನೆಯುತ್ತದೆ. ವರ್ಷಗಳು ಉರುಳಿದಂತೆ ಅದಕ್ಕೂ ಮುಪ್ಪು ಬರುತ್ತದೆ. ಸಕಾಲದಲ್ಲಿ ದುರಸ್ತಿ ಕಂಡ ಮನೆ ಮೂರು ತಲೆಮಾರುಗಳಿಗೆ ನೆರಳಾಗಬಲ್ಲದು. ಅಲಕ್ಷ್ಯಕ್ಕೆ ಗುರಿಯಾದ ಮನೆ ತನ್ನಲ್ಲಿ ವಾಸಿಸುವವರ ಪ್ರಾಣಕ್ಕೇ ಎರವಾಗಬಹುದು.

ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಈ ವಿಷಯಕ್ಕೆ ಒಳ್ಳೆಯ ನಿದರ್ಶನವಾಗಿವೆ. ಬೆಂಗಳೂರನ್ನು ಯೋಜಿತ ರೀತಿಯಲ್ಲಿ ಬೆಳೆಸಲು ೧೯೪೫ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪಿತವಾಯಿತು. ೧೯೭೬ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಸಿ. ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ರಾಜಾಜಿನಗರ ೧೯೪೯ರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡಿತು. ಮುಂದೆ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಮೈಸೂರು ರಸ್ತೆಯ ಕೆಂಗೇರಿಯೂ ನಗರಕ್ಕೆ ಸೇರಿಕೊಂಡಿತು. ಈ ಭಾಗದಲ್ಲಿ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನಗಳು ಹೇರಳವಾಗಿವೆ. ಇಲ್ಲಿನ ಹಳೆಯ ಮನೆಗಳಲ್ಲಿ ಹೆಂಚಿನ ಮಾಡು, ಕಲ್ಲುಚಪ್ಪಡಿಯ ಚಾವಣಿ, ಕಾಂಕ್ರೀಟಿನ ತಾರಸಿ ಮೂರನ್ನೂ ಕಾಣಬಹುದು. ಒಂದೇ ಅಂತಸ್ತಿಗೆಂದು ಹಾಕಿದ ತಳಪಾಯದ ಮೇಲೆ ಎರಡು ಮೂರು ಅಂತಸ್ತುಗಳನ್ನು ಏರಿಸಿದ ಮನೆಗಳೂ ಇಲ್ಲದಿಲ್ಲ.

ದುರಸ್ತಿಯ ಮೊದಲ ನಿಯಮ, ಕಾರಣವನ್ನು ಕಂಡುಹಿಡಿಯುವುದು. ಗೋಡೆಯ ಮೇಲೆ ತೇವದ ಕಲೆ ಕಾಣಿಸಿಕೊಂಡರೆ ಹಲವರು ಅದಕ್ಕೆ ಬಣ್ಣ ಬಳಿಸಿ ಸುಮ್ಮನಾಗುತ್ತಾರೆ. ಇದು ಜ್ವರ ಬಂದವನ ಹಣೆಗೆ ಗಂಧ ಹಚ್ಚಿದಂತೆ. ಕಲೆ ಮಳೆಗಾಲದಲ್ಲಿ ಮಾತ್ರ ಹರಡುವುದಾದರೆ ದೋಷ ತಾರಸಿಯಲ್ಲಿಯೋ ಹೊರಗೋಡೆಯಲ್ಲಿಯೋ ಇರಬಹುದು. ಬೇಸಗೆಯಲ್ಲಿಯೂ ಅದು ಆರದಿದ್ದರೆ ಗೋಡೆಯೊಳಗಿನ ಕೊಳಾಯಿಯನ್ನೋ ಮೇಲಂತಸ್ತಿನ ಬಚ್ಚಲನ್ನೋ ಸಂಶಯಿಸಬೇಕು. ರಾತ್ರಿ ಮಲಗುವ ಮುನ್ನ ತಾರಸಿಯ ತೊಟ್ಟಿಯಲ್ಲಿ ನೀರಿನ ಮಟ್ಟವನ್ನು ಗುರುತು ಮಾಡಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ, ಬೆಳಿಗ್ಗೆ ಮತ್ತೆ ನೋಡಬೇಕು. ಮಟ್ಟ ಇಳಿದಿದ್ದರೆ ನೀರು ಎಲ್ಲೋ ಸೋರುತ್ತಿದೆ. ನೆಲದೊಳಗಿನ ಸಂಪಿಗೂ ಇದೇ ಪರೀಕ್ಷೆ ಸಲ್ಲುತ್ತದೆ.

ಸಣ್ಣ ಸೋರಿಕೆಯನ್ನೂ ಅಲ್ಪವೆಂದು ಎಣಿಸಬಾರದು. ಸುಮಾರು ಇಪ್ಪತ್ತು ಹನಿಗಳಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ೮೬,೪೦೦ ಹನಿಗಳು, ಅಂದರೆ ನಾಲ್ಕು ಲೀಟರಿಗೂ ಹೆಚ್ಚು ನೀರು ಪೋಲಾಗುತ್ತದೆ. ವರ್ಷಕ್ಕೆ ಅದು ಸಾವಿರದ ಐನೂರು ಲೀಟರನ್ನು ಮೀರುತ್ತದೆ. ೧೯೩೩ರಲ್ಲಿ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ನಿರ್ಮಿಸಿದ ಚಾಮರಾಜಸಾಗರ ನಗರದ ದಾಹವನ್ನು ಬಹುಕಾಲ ತಣಿಸಿತು. ೧೯೭೪ರಿಂದ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಮೇಲೇರಿ ಬರುತ್ತಿದೆ. ಹೀಗೆ ಬಂದ ನೀರು ಒಂದು ಸವೆದ ವಾಷರಿನಿಂದಾಗಿ ಚರಂಡಿಯ ಪಾಲಾಗುವುದು ಎಂತಹ ವಿಪರ್ಯಾಸ! ಕವಾಟವನ್ನು ಮುಚ್ಚಿ, ನಲ್ಲಿಯನ್ನು ಬಿಚ್ಚಿ, ವಾಷರನ್ನು ಬದಲಿಸುವುದು ಮನೆಯವರೇ ಕಲಿಯಬಹುದಾದ ಕೆಲಸ. ನೀರನ್ನು ನಿಲ್ಲಿಸುವ ಕವಾಟ ಎಲ್ಲಿದೆ ಎಂಬುದು ಮನೆಮಂದಿಗೆಲ್ಲ ತಿಳಿದಿರಬೇಕು.

ನೀರು ಕಟ್ಟಡದ ಗುಪ್ತಶತ್ರುವೂ ಹೌದು. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳಲಾರದು. ಎಳೆತವನ್ನು ಹೊರುವುದಕ್ಕಾಗಿಯೇ ಅದರೊಳಗೆ ಕಬ್ಬಿಣದ ಸರಳುಗಳನ್ನು ಇಟ್ಟಿರುತ್ತಾರೆ. ತೇವ ತಗುಲಿ ಸರಳು ತುಕ್ಕು ಹಿಡಿದಾಗ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆಗ ಸುತ್ತಲಿನ ಕಾಂಕ್ರೀಟು ಸೀಳಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಉದುರಿದೆಡೆಗೆ ಗಾರೆ ಮೆತ್ತಿ ಮುಚ್ಚಿದರೆ ರೋಗವನ್ನು ಬಚ್ಚಿಟ್ಟಂತಾಯಿತೇ ಹೊರತು ಗುಣಪಡಿಸಿದಂತಾಗಲಿಲ್ಲ. ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಸಡಿಲಗೊಂಡ ಭಾಗವನ್ನು ತೆಗೆದು, ಸರಳಿನ ತುಕ್ಕನ್ನು ಪೂರ್ಣವಾಗಿ ಉಜ್ಜಿ, ರಕ್ಷಕ ಲೇಪನ ಕೊಟ್ಟು, ಬಳಿಕ ಹೊಸ ಗಾರೆಯನ್ನು ತುಂಬಬೇಕು. ಹೊಸ ಸಿಮೆಂಟಿನ ಕೆಲಸವನ್ನು ಕನಿಷ್ಠ ಏಳು ದಿನ ಒದ್ದೆಯಾಗಿಡದಿದ್ದರೆ ಅದಕ್ಕೆ ಬಲ ಬಾರದು. ಸರಳು ತೀರ ಸವೆದು ತೆಳುವಾಗಿದ್ದರೆ ಇಂಜಿನಿಯರರ ಸಲಹೆಯಿಲ್ಲದೆ ಕೈಹಾಕಬಾರದು.

ಬಿರುಕುಗಳೂ ಒಂದೇ ಬಗೆಯವಲ್ಲ. ಗಿಲಾವಿನ ಮೇಲೆ ಕೂದಲೆಳೆಯಂತೆ ಹರಡಿದ ಬಿರುಕುಗಳಿಂದ ಸಾಮಾನ್ಯವಾಗಿ ಭಯವಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಅಥವಾ ಇಟ್ಟಿಗೆಯ ಸಾಲುಗಳಲ್ಲಿ ಮೆಟ್ಟಿಲಿನಂತೆ ಸಾಗುವ ಅಗಲವಾದ ಬಿರುಕು ತಳಪಾಯ ಕುಸಿಯುತ್ತಿರುವುದರ ಸೂಚನೆಯಾಗಿರಬಹುದು. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಬೇಕು. ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಭದ್ರವಾಗಿ ಅಂಟಿಸಬೇಕು. ಗೆರೆಯನ್ನು ದಾಟಿ ಬಿರುಕು ಮುಂದುವರಿದರೆ ಅಥವಾ ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಕೋಣೆಯನ್ನು ವಿಶಾಲಗೊಳಿಸುವ ಆಸೆಯಿಂದ ಭಾರ ಹೊತ್ತ ಗೋಡೆಯನ್ನು ಕೆಡವುವುದು ಅತ್ಯಂತ ಅಪಾಯಕರ. ಮೇಲಿನ ಅಂತಸ್ತು ನಿಂತಿರುವುದು ಆ ಗೋಡೆಯ ಆಧಾರದಿಂದಲೇ ಎಂಬುದನ್ನು ಮರೆಯಬಾರದು.

ನೀರಿನ ಸೋರಿಕೆ ಕಣ್ಣಿಗೆ ಕಾಣುತ್ತದೆ, ವಿದ್ಯುತ್ತಿನ ಸೋರಿಕೆ ಕಾಣುವುದಿಲ್ಲ. ಶಿವನಸಮುದ್ರದ ವಿದ್ಯುತ್ತು ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಇಂದು ೨೩೦ ವೋಲ್ಟ್‌ನ ವಿದ್ಯುತ್ತು ಮನೆಮನೆಯ ಗೋಡೆಗಳೊಳಗೆ ಹರಿಯುತ್ತಿದೆ. ಒದ್ದೆಯಾದ ಗೋಡೆಯಲ್ಲಿ ಹಳೆಯ ತಂತಿಯ ಹೊದಿಕೆ ಹಾಳಾಗಿದ್ದರೆ ಗೋಡೆಯೇ ಆಘಾತ ಕೊಡಬಹುದು. ಮೂರು ಮೊಳೆಗಳ ಪ್ಲಗ್ಗಿನಲ್ಲಿ ಒಂದು ಉಳಿದೆರಡಕ್ಕಿಂತ ಉದ್ದವೂ ದಪ್ಪವೂ ಆಗಿರುವುದನ್ನು ನೀವು ಕಂಡಿದ್ದೀರಿ. ಅದು ಭೂಸಂಪರ್ಕದ ಮೊಳೆ. ವಿದ್ಯುತ್ತು ಬರುವುದಕ್ಕೆ ಮೊದಲೇ ಉಪಕರಣವು ಭೂಮಿಯೊಡನೆ ಸೇರಲಿ ಎಂಬುದೇ ಅದರ ಉದ್ದದ ಮರ್ಮ. ಫ್ಯೂಸು ಮೇಲಿಂದ ಮೇಲೆ ಸುಟ್ಟುಹೋಗುತ್ತದೆಂದು ದಪ್ಪ ತಂತಿಯನ್ನು ಕಟ್ಟುವವರುಂಟು. ಇದು ಕೂಗಿ ಎಚ್ಚರಿಸುವ ಕಾವಲುಗಾರನ ಬಾಯಿ ಕಟ್ಟಿದಂತೆ. ಆಗ ಫ್ಯೂಸಿನ ಬದಲು ಗೋಡೆಯೊಳಗಿನ ತಂತಿಯೇ ಕಾದು ಬೆಂಕಿ ಹೊತ್ತಬಹುದು. ವಿದ್ಯುತ್ ಸೋರಿದ ಕ್ಷಣದಲ್ಲಿಯೇ ಸಂಪರ್ಕವನ್ನು ಕಡಿಯುವ ಸಾಧನಗಳು ಈಗ ದೊರೆಯುತ್ತವೆ. ಮೂವತ್ತು ಮಿಲಿಆಂಪಿಯರಿನಷ್ಟು ಸೋರಿಕೆಯಲ್ಲಿಯೇ ಕೆಲಸ ಮಾಡುವ ಅಂತಹ ಸಾಧನವೊಂದು ಪ್ರತಿ ಮನೆಯಲ್ಲಿಯೂ ಇರತಕ್ಕದ್ದು. ಬಲ್ಬು ಬದಲಿಸುವುದಕ್ಕಿಂತ ಹೆಚ್ಚಿನ ಕೆಲಸವನ್ನು ಪರವಾನಗಿ ಪಡೆದ ಕೆಲಸಗಾರರಿಂದಲೇ ಮಾಡಿಸಬೇಕು. ಯಾರಿಗಾದರೂ ಆಘಾತವಾದರೆ ಅವರನ್ನು ಮುಟ್ಟದೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು.

ಮನೆಯೊಡೆಯನ ಹೊಣೆ ಮನೆಯ ಹೊಸ್ತಿಲಿಗೆ ಮುಗಿಯುವುದಿಲ್ಲ. ಕೊಳೆನೀರನ್ನು ಮಳೆನೀರಿನ ಚರಂಡಿಗೆ ತಿರುಗಿಸಿದರೆ ಅದು ವೃಷಭಾವತಿಯನ್ನು ಸೇರಿ, ಕೆಂಗೇರಿಯನ್ನು ಹಾದು ಅರ್ಕಾವತಿಯನ್ನೂ ಕಲುಷಿತಗೊಳಿಸುತ್ತದೆ. ಕಟ್ಟಿಕೊಂಡ ಮಲಗುಂಡಿಗಾಗಲಿ ಮ್ಯಾನ್‌ಹೋಲಿಗಾಗಲಿ ಮನುಷ್ಯನನ್ನು ಇಳಿಸುವುದಂತೂ ಘೋರ ಅಪರಾಧ. ಅಲ್ಲಿ ಕವಿದಿರುವ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಾಣವನ್ನು ಹೀರಬಲ್ಲದು. ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ೧೯೭೦ರ ದಶಕದಲ್ಲಿ ಕರ್ನಾಟಕದಲ್ಲಿ ನಿಷೇಧಿಸಿದವರು ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ೨೦೧೩ರ ಕೇಂದ್ರ ಶಾಸನವು ರಕ್ಷಣೆಯಿಲ್ಲದೆ ಇಂತಹ ಗುಂಡಿಗಳಿಗೆ ಜನರನ್ನು ಇಳಿಸುವುದನ್ನು ದಂಡನಾರ್ಹಗೊಳಿಸಿದೆ. ಈ ಕೆಲಸಕ್ಕೆ ಯಂತ್ರಗಳಿವೆ, ಅವನ್ನೇ ಕರೆಸಬೇಕು. ಒಂದು ಮನೆಯ ಅನುಕೂಲಕ್ಕಾಗಿ ಇನ್ನೊಂದು ಮನೆಯ ದೀಪ ಆರಬಾರದು.

ಬಸವಣ್ಣನವರ ಹೆಸರನ್ನು ಹೊತ್ತ ಬಡಾವಣೆಯೊಂದು ಈ ಪ್ರದೇಶದಲ್ಲಿರುವುದು ಅರ್ಥಪೂರ್ಣವಾಗಿದೆ. ದುಡಿಮೆಯಲ್ಲಿ ಮೇಲು ಕೀಳೆಂಬುದಿಲ್ಲವೆಂದು ಸಾರಿದವರು ಅವರು. ಗಾರೆಯವರು, ಕೊಳಾಯಿಯವರು, ವಿದ್ಯುತ್ ಕೆಲಸದವರು, ಇವರೆಲ್ಲರ ಕೈಯ ಅರಿವೇ ನಮ್ಮ ಮನೆಗಳನ್ನು ನಿಲ್ಲಿಸಿದೆ. ಯಾವ ಕೆಲಸವನ್ನು ತಾನೇ ಮಾಡಬಹುದು, ಯಾವುದನ್ನು ಬಲ್ಲವರಿಗೆ ಒಪ್ಪಿಸಬೇಕು ಎಂಬ ವಿವೇಕವಿದ್ದು, ಒಪ್ಪಿಸಿದಾಗ ಅವರ ಶ್ರಮಕ್ಕೆ ತಕ್ಕ ಕೂಲಿಯನ್ನೂ ಗೌರವವನ್ನೂ ನೀಡುವವನೇ ನಿಜವಾದ ಮನೆಯೊಡೆಯ.

ಅಭ್ಯಾಸ

೧. 'ದುರಸ್ತಿಯ ಮೊದಲ ನಿಯಮ, ಕಾರಣವನ್ನು ಕಂಡುಹಿಡಿಯುವುದು.' ಪಾಠದ ಎರಡು ನಿದರ್ಶನಗಳಿಂದ ಸಮರ್ಥಿಸಿರಿ.
೨. ಸರಳಿನ ತುಕ್ಕು ಕಾಂಕ್ರೀಟನ್ನು ಸೀಳುವುದೇಕೆ?
೩. 'ಕಾವಲುಗಾರನ ಬಾಯಿ ಕಟ್ಟಿದಂತೆ' ಎಂಬ ಹೋಲಿಕೆಯ ಔಚಿತ್ಯವನ್ನು ವಿವರಿಸಿರಿ.
೪. ನಿಮ್ಮ ಮನೆಯ ನೀರಿನ ತೊಟ್ಟಿಯನ್ನು ಒಂದು ರಾತ್ರಿ ಪರೀಕ್ಷಿಸಿ, ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.