ಸಾರನ್ನದ ಹುಣಸೆ ನಾಯಿಗೆ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ನಾಯಿಗೆ ಉಳಿದ ಸಾರನ್ನವೇ ಊಟ. ಹುಣಸೆಹಣ್ಣು ನಾಯಿಯ ಕಿಡ್ನಿ ಕೆಡಿಸುತ್ತದೆ, ಹಾಕಬೇಡಿ ಎಂದು ಮಗಳು ಈಗ ಹಟ ಹಿಡಿದಿದ್ದಾಳೆ. ಇದು ನಿಜವೇ?

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಹುರುಳಿದೆ. ಹುಣಸೆಯ ಮೇಲೆ ಈ ಅನುಮಾನ ಬಂದದ್ದು ದ್ರಾಕ್ಷಿಯ ದೆಸೆಯಿಂದ.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಒಂದೆರಡು ದಿನಗಳಲ್ಲೇ ಸೋಲುವುದನ್ನು ಅಮೆರಿಕದ ಪಶುವೈದ್ಯರು ಗುರುತಿಸಿ ಎರಡು ದಶಕ ದಾಟಿದೆ. ಕಾರಣ ಮಾತ್ರ ಬಹಳ ಕಾಲ ಸಿಗಲಿಲ್ಲ. ಔಷಧಿ ಹೊಡೆದ ಹಣ್ಣಿರಬಹುದೇ, ಬೂಷ್ಟು ಹಿಡಿದದ್ದೇ ಎಂದೆಲ್ಲ ಹುಡುಕಿದರು. ಒಂದು ನಾಯಿ ಬೊಗಸೆ ಹಣ್ಣು ತಿಂದೂ ಆರಾಮಾಗಿರುತ್ತಿತ್ತು, ಇನ್ನೊಂದು ಕೆಲವೇ ಹಣ್ಣಿಗೆ ನೆಲ ಹಿಡಿಯುತ್ತಿತ್ತು. ಸುಳಿವು ಸಿಕ್ಕಿದ್ದು ಮಕ್ಕಳ ಆಟಕ್ಕೆಂದು ಮನೆಯಲ್ಲೇ ಕಲಸಿದ ಬಣ್ಣದ ಹಿಟ್ಟಿನಿಂದ. ಅದನ್ನು ತಿಂದ ನಾಯಿಯಲ್ಲೂ ಮೂತ್ರಪಿಂಡದ ಅದೇ ತೊಂದರೆ ಕಾಣಿಸಿಕೊಂಡಿತು. ಆ ಹಿಟ್ಟಿನಲ್ಲಿದ್ದದ್ದು ಬೇಕರಿ ತಿಂಡಿಗೆ ಬಳಸುವ ಕ್ರೀಮ್ ಆಫ್ ಟಾರ್ಟರ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯ ಮುಖ್ಯ ಹುಳಿಯೂ ಇದೇ ಆಮ್ಲ. ತಳಿಯಿಂದ ತಳಿಗೆ, ಕಾಯಿಯಿಂದ ಹಣ್ಣಿಗೆ ಅದರ ಪ್ರಮಾಣ ಬದಲಾಗುತ್ತದೆ. ಒಂದೊಂದು ನಾಯಿಗೆ ಒಂದೊಂದು ಥರ ಆಗುತ್ತಿದ್ದದ್ದೇಕೆ ಎಂಬುದಕ್ಕೂ ಇದರಲ್ಲಿ ಉತ್ತರ ಸಿಕ್ಕಿತು. 2021ರಲ್ಲಿ ಈ ವಿವರಣೆ ಪ್ರಕಟವಾಯಿತು.

ನಮ್ಮ ಹುಣಸೆಯ ಹುಳಿಯೂ ಬಹುಪಾಲು ಟಾರ್ಟಾರಿಕ್ ಆಮ್ಲವೇ. ಹುಣಸೆ ತಿಂದ ನಾಯಿಗಳಿಗೂ ಹೀಗಾದ ಪ್ರಕರಣಗಳು 2022ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದವು.

ಹಾಗಾದರೆ ಅಜ್ಜಿಯ ಕಾಲದ ನಾಯಿಗಳು ಬದುಕಿದ್ದು ಹೇಗೆ ಎಂದು ನೀವು ಕೇಳಬಹುದು. ತಿಳಿಸಾರಿನ ಒಂದು ಸೌಟಿನಲ್ಲಿ ಹುಣಸೆ ಇರುವುದೇ ಸ್ವಲ್ಪ. ಆದರೆ ಇಷ್ಟು ಹುಳಿಯಾದರೆ ಅಪಾಯವಿಲ್ಲ ಎಂಬ ಅಳತೆಯನ್ನು ಯಾರೂ ಗೊತ್ತುಮಾಡಿಲ್ಲ, ಆದ್ದರಿಂದ ದಿನಾ ಹಾಕಿ ಎಂದು ನಾನು ಹೇಳಲಾರೆ. ಪುಳಿಯೋಗರೆ ಗೊಜ್ಜು, ಹುಣಸೆ ಚಿಗಳಿ, ಸುಗ್ಗಿಯಲ್ಲಿ ಅಂಗಳದಲ್ಲಿ ಹರಡಿಟ್ಟ ಹಣ್ಣು, ಇವುಗಳ ಹತ್ತಿರ ನಾಯಿಯನ್ನು ಬಿಡಲೇಬೇಡಿ. ಒಣದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತೂ ಬೇಡ.

ಸಾರನ್ನದಲ್ಲಿ ನನಗೆ ಹುಣಸೆಗಿಂತಲೂ ಹೆಚ್ಚು ಆತಂಕ ಈರುಳ್ಳಿ, ಬೆಳ್ಳುಳ್ಳಿಯದು. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ ಎಂಬುದರಲ್ಲಿ ಸಂಶಯವೇ ಇಲ್ಲ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ದೇಹತೂಕದ ನೂರಕ್ಕೆ ಅರೆಪಾಲು, ಎಂದರೆ 10 ಕಿಲೋ ನಾಯಿಗೆ ಸುಮಾರು 50 ಗ್ರಾಂ ಈರುಳ್ಳಿ ಒಮ್ಮೆಗೆ ಹೋದರೂ ರಕ್ತಹೀನತೆ ಬರಬಹುದು. ಸ್ವಲ್ಪ ಸ್ವಲ್ಪವೇ ದಿನವೂ ತಿಂದರೂ ಅದೇ ಪಾಡು. ಒಸಡು ಬಿಳಿಚುವುದು, ಮೂತ್ರ ಕೆಂಪಗಾಗುವುದು ಕೆಲವು ದಿನ ಕಳೆದ ಮೇಲೆ, ಹಾಗಾಗಿ ಊಟದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ದ್ರಾಕ್ಷಿಯನ್ನೋ ಹುಣಸೆಯನ್ನೋ ತಿಂದದ್ದು ಗೊತ್ತಾದರೆ ವಾಂತಿ ಶುರುವಾಗಲಿ ಎಂದು ಕಾಯಬೇಡಿ, ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ. ಮೊದಲ ಒಂದೆರಡು ಗಂಟೆಯಲ್ಲಿ ಅವರು ವಾಂತಿ ಮಾಡಿಸಿ, ಡ್ರಿಪ್ ಹಾಕಿದರೆ ಮೂತ್ರಪಿಂಡ ಉಳಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಉಪ್ಪುನೀರು ಕುಡಿಸುವುದು ಮಾತ್ರ ಬೇಡ, ಅದರಿಂದಲೇ ಜೀವಕ್ಕೆ ಅಪಾಯ.

ಹಾಗೆಂದು ಮನೆಯ ಊಟವನ್ನೇ ನಿಲ್ಲಿಸಬೇಕಿಲ್ಲ. ಬೇಳೆ ಬೆಂದ ಮೇಲೆ ಉಪ್ಪು, ಹುಳಿ, ಖಾರ, ಒಗ್ಗರಣೆ ಬೀಳುವ ಮೊದಲೇ ಒಂದು ಸೌಟು ಬೇಳೆಕಟ್ಟು ತೆಗೆದಿಡಿ. ಅದನ್ನು ಅನ್ನಕ್ಕೋ ರಾಗಿಮುದ್ದೆಗೋ ಕಲಸಿ, ಜೊತೆಗೆ ಬೇಯಿಸಿದ ಮೊಟ್ಟೆಯನ್ನೋ ಮೂಳೆ ಬಿಡಿಸಿದ ಕೋಳಿಯನ್ನೋ ಸೇರಿಸಿ ಹಾಕಿ. ಹೊಟ್ಟೆಗೆ ಒಗ್ಗುವ ನಾಯಿಯಾದರೆ ಎರಡು ಚಮಚ ಮೊಸರೂ ಇರಲಿ.