ಉಸಿರಿನಿಂದ ರೋಗಪತ್ತೆ: ಪಿಸಿಡಿ ಮತ್ತು ಕೆಜಿಎಫ್‌ನ ಸಿಲಿಕೋಸಿಸ್

ಪಿಸಿಡಿ (ಪ್ರೈಮರಿ ಸಿಲಿಯರಿ ಡಿಸ್ಕೈನೇಸಿಯಾ)
• ಅಪರೂಪದ ಆನುವಂಶಿಕ ಕಾಯಿಲೆ. ಶ್ವಾಸನಾಳದ ಲೋಮಾಂಗಗಳು (ಸಿಲಿಯಾ) ಸರಿಯಾಗಿ ಬಡಿಯದೆ ಕಫ ಸುಲಭವಾಗಿ ಹೊರಬರುವುದಿಲ್ಲ.
• ಲಕ್ಷಣ: ಹುಟ್ಟಿದಾಗಿನಿಂದ ಬಿಡದ ನೆಗಡಿ, ಕಫದ ಕೆಮ್ಮು, ಪದೇಪದೇ ಕಿವಿ ಸೋಂಕು.
• ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಒಳಾಂಗಗಳು ಎಡಬಲ ಅದಲುಬದಲು. ಇದರ ಜೊತೆ ಸೈನಸ್ ತೊಂದರೆ, ಶ್ವಾಸನಾಳಗಳ ಹಿಗ್ಗುವಿಕೆ ಇದ್ದರೆ ಕಾರ್ಟಗೆನರ್ ಸಿಂಡ್ರೋಮ್.

ಪರೀಕ್ಷೆ
• ಮಗು ಬಾಯಿಯಿಂದ ತಡೆಯ ವಿರುದ್ಧ ಉಸಿರು ಬಿಡುವಾಗ ಮೂಗಿನ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಅಳೆಯುತ್ತಾರೆ.
• ಪಿಸಿಡಿಯಲ್ಲಿ ಇದು ತೀರಾ ಕಡಿಮೆ; ಪತ್ತೆಗೆ ಬಳಸುವ ಗಡಿಮೌಲ್ಯ ನಿಮಿಷಕ್ಕೆ 77 ನ್ಯಾನೊಲೀಟರ್.
• ಈ ಪರೀಕ್ಷೆ ಸಾಮಾನ್ಯವಾಗಿ 5 ವರ್ಷ ಮೇಲ್ಪಟ್ಟವರಿಗೆ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಕಡಿಮೆ ಇರಬಹುದು. ಮೊದಲು ಅದನ್ನು ತಳ್ಳಿಹಾಕಬೇಕು. ಜೀನ್ ಪರೀಕ್ಷೆ ಪೂರಕ.

ಕೆಜಿಎಫ್ ನಂಟು
• ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ ಪ್ರದೇಶ) ಗಣಿ ಕಾರ್ಮಿಕರನ್ನು ಕಾಡಿದ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಪಿಸಿಡಿಯಂತೆ ಆನುವಂಶಿಕವಲ್ಲ, ವೃತ್ತಿಜನ್ಯ. ಕಾರಣ ಸಿಲಿಕಾ ದೂಳು.
• ಸಮುದಾಯ ವೈದ್ಯಶಾಸ್ತ್ರದ ಪಠ್ಯಗಳ ಪ್ರಕಾರ ಭಾರತದಲ್ಲಿ ಇದರ ಮೊದಲ ವರದಿ 1947ರಲ್ಲಿ, ಕೋಲಾರ ಚಿನ್ನದ ಗಣಿಯಿಂದ.
• ಪತ್ತೆ: ವೃತ್ತಿಯ ಇತಿಹಾಸ, ಎದೆಯ ಎಕ್ಸ್‌ರೇ. ಸ್ಪೈರೋಮೆಟ್ರಿ ಶ್ವಾಸಕೋಶದ ಸಾಮರ್ಥ್ಯ ಅಳೆಯುತ್ತದೆ.
• ಗಣಿ ಮುಚ್ಚಿದ್ದು: 2001.

ಪ್ರಶ್ನೆ: ಪಿಸಿಡಿ ಪತ್ತೆಗೆ ಮೂಗಿನಲ್ಲಿ ಅಳೆಯುವ ಅನಿಲ?
ಉತ್ತರ: ನೈಟ್ರಿಕ್ ಆಕ್ಸೈಡ್ (ನೈಟ್ರಸ್ ಆಕ್ಸೈಡ್ ಅಲ್ಲ).