ಏಳು ಕಿಲೋ ಚೀಲದಾಗ ಚಂದ್ರಕಾಳಿ

ಹೊರಡುವುದಕ್ಕೆ ಒಂದು ವಾರ ಮೊದಲು ಅಥಣಿಯ ನಮ್ಮ ಮನೆಯ ಮಂಚದ ಮೇಲೆ ಹನ್ನೊಂದು ಸೀರೆ ಹರವಿಕೊಂಡು ಕೂತಿದ್ದೆ. ಇಂಗ್ಲೆಂಡಿನಲ್ಲಿರುವ ಮಗಳು ವಿಡಿಯೊ ಕಾಲ್‌ನಲ್ಲಿ ನೋಡಿ ಗಾಬರಿಯಾದಳು. "ಅವ್ವಾ, ಹಡಗದಾಗ ಇರೂದು ಏಳು ರಾತ್ರಿ. ಹನ್ನೊಂದು ಸೀರಿ ಯಾರು ಹೊರಾವ್ರು?"

ಆಕೆಯ ಮಾತು ಖರೆ ಇತ್ತು. ಆದರೆ ನನ್ನ ಹೆದರಿಕೆಯೂ ಸುಳ್ಳಲ್ಲ. ಸೌತಾಂಪ್ಟನ್ ಬಂದರಿನಿಂದ ನಾರ್ವೆಗೆ ನಾನೂ ನಮ್ಮ ಮನೆಯವರೂ ಮಗಳ ಕೂಡ ಹೋಗಿ ಬರಲಿದ್ದ ಆ ಹಡಗಿನವರು ಸಂಜೆಯ ಉಡುಪಿನ ನಿಯಮವನ್ನು ಮೊದಲೇ ಕಳಿಸಿದ್ದರು. ಆರು ಗಂಟೆಯ ನಂತರ ಊಟದ ಹಾಲ್‌ಗೆ ಅಚ್ಚುಕಟ್ಟಾಗಿ ಬರಬೇಕು. ಏಳರಲ್ಲಿ ಎರಡು ರಾತ್ರಿ ಪೂರ್ತಿ ಔಪಚಾರಿಕ: ಗಂಡಸರಿಗೆ ಕಪ್ಪು ಸೂಟು, ಹೆಂಗಸರಿಗೆ ಉದ್ದನೆಯ ಗೌನು. ಕೆಳಗೆ ಸಣ್ಣ ಅಕ್ಷರದಲ್ಲಿ, ಅವರವರ ದೇಶದ ಸಾಂಪ್ರದಾಯಿಕ ಉಡುಪೂ ನಡೆಯುತ್ತದೆ ಎಂದಿತ್ತು. ಆ ಸಾಲನ್ನು ನಾನು ಓದಿದ್ದೆ, ನಂಬಿರಲಿಲ್ಲ. ನಾಲ್ಕು ಜನರ ನಡುವೆ ಕಡಿಮೆ ಕಾಣಬಾರದು ಎಂಬ ಅಂಜಿಕೆ ಇದ್ದಾಗ ಕೈ ತಾನಾಗಿ ಕಪಾಟಿಗೆ ಹೋಗುತ್ತದೆ. ನಮ್ಮ ಕಡೆ ಮದುವೆಗೆ ಹೊರಟವರ ಸೂಟ್‌ಕೇಸು ಭಾರವಾಗುವುದೂ ಹೀಗೇ.

ಆಮೇಲೆ ದಾರಿಯನ್ನು ಒಂದು ಚೀಟಿಯಲ್ಲಿ ಬರೆದೆ. ಅಥಣಿಯಿಂದ ಕಾಗವಾಡದ ಮೇಲೆ ಮಿರಜಿಗೆ ಬಸ್ಸು. ಮಿರಜಿನಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿದು ಮುಂಬೈ. ಅಲ್ಲಿಂದ ವಿಮಾನ, ಲಂಡನ್ನಿನಿಂದ ಮಗಳ ಮನೆಗೆ ರೈಲು, ಮತ್ತೆ ಸೌತಾಂಪ್ಟನ್ನಿಗೆ ರೈಲು. ಚೀಲ ಎತ್ತಿ ಇಳಿಸುವುದನ್ನು ಎಣಿಸಿದರೆ ಹೋಗುವಾಗಲೇ ಹದಿಮೂರು ಸಲ. ಮಿರಜ ಸ್ಟೇಷನ್ನಿನ ಮೆಟ್ಟಿಲು ನೆನಪಾಗಿ ಮೊಣಕಾಲು ಅಲ್ಲೇ ಜುಮ್ಮೆಂದಿತು. ವಿಮಾನದೊಳಗೆ ಒಯ್ಯುವ ಕೈಚೀಲಕ್ಕೆ ನಮ್ಮ ಕಡೆ ಸಾಮಾನ್ಯವಾಗಿ ಏಳು ಕಿಲೋ ಮಿತಿ. ನನಗೂ ಮನೆಯವರಿಗೂ ಅಷ್ಟೇ ಸಾಕು ಎಂದು ನಿರ್ಧರಿಸಿದೆವು. ಮಗಳಿಗೆಂದು ತೆಗೆದಿಟ್ಟ ಕುಂದಾ ಹೇಗೂ ಉಳಿಯಿತು, ಹಾಲಿನ ಪದಾರ್ಥವನ್ನು ಆ ದೇಶದೊಳಗೆ ಬಿಡುವುದಿಲ್ಲ.

ಆ ರಾತ್ರಿ ನಮ್ಮವ್ವನ ಗಂಟು ನೆನಪಾಯಿತು. ನನ್ನ ತವರು ರಾಯಬಾಗ ತಾಲೂಕು. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂಡಿ ಕಟ್ಟುತ್ತಿದ್ದರು. ಆಷಾಢದಲ್ಲಿ ಅವ್ವ ದಿಂಡಿಯವರ ಕೂಡ ಪಂಢರಪುರಕ್ಕೆ ನಡೆಯುತ್ತಿದ್ದಳು. ಎರಡಕ್ಕೂ ಅದೇ ಗಂಟು. ಹಳೆಯ ಧೋತರದ ತುಂಡಿನೊಳಗೆ ಒಂದು ಸೀರೆ, ಎರಡು ಕುಬಸ, ಬಾಚಣಿಗೆ, ಕುಂಕುಮದ ಭರಣಿ, ರೊಟ್ಟಿ ಬುತ್ತಿ. ಉಟ್ಟದ್ದೊಂದು, ಒಗೆದದ್ದೊಂದು, ಅಷ್ಟೇ ಲೆಕ್ಕ. ಸಂಜೆ ಪಾಲಕಿ ಹೊರಡುವ ಹೊತ್ತಿಗೆ ಮುಖ ತೊಳೆದು, ಸೀರೆ ಬದಲಿಸದೆ ಕುಬಸ ಮಾತ್ರ ಬದಲಿಸಿ, ಸೆರಗು ಸರಿಮಾಡಿ ನಿಲ್ಲುತ್ತಿದ್ದಳು. ನೋಡಿದವರಿಗೆ ಹೊಸದು ಉಟ್ಟಂತೆ. "ಕುಬಸದ ಬಣ್ಣ ಬದಲಾದ್ರ ಸೀರಿನೂ ಬದಲಾದಂಗ" ಎನ್ನುತ್ತಿದ್ದಳು.

ಅದನ್ನೇ ಹಿಡಿದು ಮತ್ತೆ ಮಂಚದ ಮುಂದೆ ನಿಂತೆ. ಜರಿಯ ರೇಷ್ಮೆ ಸೀರೆಗಳು ಎಲ್ಲಕ್ಕಿಂತ ಭಾರ, ಮುದುರಿದರೆ ಗೆರೆ ಹೋಗುವುದಿಲ್ಲ. ಅವೆಲ್ಲ ಕಪಾಟಿಗೆ ಹೋದವು. ಉಳಿದದ್ದು ಎರಡು ಇಳಕಲ್ ಸೀರೆ, ಒಂದು ಕಡು ನೀಲಿ, ಒಂದು ದಾಳಿಂಬೆ ಬಣ್ಣದ್ದು. ಎರಡಕ್ಕೂ ಕೆಂಪು ಸೆರಗು, ಅದರಲ್ಲಿ ಬಿಳಿಯ ಟೋಪ ತೆನಿ ವಿನ್ಯಾಸ. ಇಳಕಲ್ಲಿನ ಈ ಗುಣ ನನಗೆ ಆವತ್ತು ಹೊಸದಾಗಿ ಕಂಡಿತು: ಒಡಲು ಯಾವ ಬಣ್ಣದ್ದಿದ್ದರೂ ಸೆರಗು ಕೆಂಪೇ ಆದ್ದರಿಂದ ಒಂದೇ ಕುಬಸ ಎಲ್ಲಕ್ಕೂ ಹೊಂದುತ್ತದೆ. ಗುಳೇದಗುಡ್ಡದ ಖಣದಲ್ಲಿ ಮೂರು ಕುಬಸ ಹೊಲಿಸಿದೆ, ಹಸಿರು, ಅರಿಷಿಣ, ಕರಿಗೆಂಪು. ಮೂರೂ ಕೂಡಿ ಒಂದು ಜರಿ ಸೀರೆಯಷ್ಟೂ ತೂಗಲಿಲ್ಲ. ಎರಡು ಸೀರೆ, ಮೂರು ಖಣ, ಅಲ್ಲಿಗೆ ಆರು ಸಂಜೆಯ ವೇಷ. ಪರಕಾರ ಎರಡೇ, ಕೊರಳಿಗೆ ಒಂದೇ ಬೋರಮಾಳ. ಹಗಲಿಗೆ ಎರಡು ಪಂಜಾಬಿ ಡ್ರೆಸ್, ಒಳಗೆ ಹಾಕುವ ತೆಳು ಉಣ್ಣೆಯ ಜೋಡಿ, ಮಳೆ ಕೋಟು.

ಇನ್ನು ಆ ಎರಡು ಔಪಚಾರಿಕ ರಾತ್ರಿ. ಅದಕ್ಕೆ ಅವ್ವನ ಚಂದ್ರಕಾಳಿ ಹೊರಗೆ ಬಂತು. ಕರಿ ರೇಷ್ಮೆಯ ಮೇಲೆ ಕಸೂತಿ ಹಾಕಿದ, ಹಿಂದೆ ಮದುಮಗಳಿಗೆ ಕೊಡುತ್ತಿದ್ದ ಸೀರೆ ಅದು. ಶುಭಕ್ಕೆ ಕರಿ ಬಣ್ಣ ಬೇಡ ಎನ್ನುವವರು ಬಹಳ ಜನ, ನಮ್ಮ ಅತ್ತಿಗೆಯೂ ಅಂದರು. ಆದರೆ ನಮ್ಮ ಗಡಿ ಕಡೆ ಸಂಕ್ರಾಂತಿಗೆ ಕರಿ ಸೀರೆ ಉಡುವುದುಂಟು, ಚಂದ್ರಕಾಳಿಯಂತೂ ಸೌಭಾಗ್ಯದ ಸೀರೆಯೇ. ಹಡಗಿನವರು ಕೇಳಿದ್ದೂ ಕಪ್ಪೇ. ಜಗತ್ತಿನ ಶ್ರೀಮಂತ ಸಂಜೆಗಳ ಬಣ್ಣ ನಮ್ಮವ್ವನ ಟ್ರಂಕಿನಲ್ಲಿ ಬೇವಿನೆಲೆಯ ನಡುವೆ ಅಷ್ಟು ವರ್ಷ ಮಡಿಚಿ ಕೂತಿತ್ತು.

ನಮ್ಮ ಮನೆಯವರದು ಇನ್ನೂ ಸುಲಭವಾಯಿತು. ನಮ್ಮ ಭಾಗದ ಹಿರಿಯರು ಧೋತರದ ಮೇಲೆ ಹಾಕುತ್ತಿದ್ದ ಮುಚ್ಚುಗೊರಳಿನ ಕೋಟನ್ನೇ ಚಿಕ್ಕೋಡಿಯ ದರ್ಜಿಯಿಂದ ಕಪ್ಪು ಬಟ್ಟೆಯಲ್ಲಿ ಹೊಲಿಸಿದೆವು. ಕೊರಳವರೆಗೆ ಗುಂಡಿ ಇರುವುದರಿಂದ ಟೈ ಬೇಡ, ಬಿಳಿ ಅಂಗಿ ಪ್ರತಿಸಲ ಇಸ್ತ್ರಿಯಾಗಬೇಕೆಂದಿಲ್ಲ. ಪ್ರಯಾಣದಲ್ಲಿ ಅದನ್ನು ಮೈಮೇಲೇ ಹಾಕಿಕೊಂಡರು, ಆದ್ದರಿಂದ ಚೀಲಕ್ಕೆ ಭಾರವಿಲ್ಲ, ಕಿಸೆಗಳಲ್ಲಿ ಕನ್ನಡಕ, ಗುಳಿಗೆ, ಚಾರ್ಜರ್ ಎಲ್ಲ ಕೂತವು. ನನ್ನ ಚೀಲ 6 ಕಿಲೋ 800 ಗ್ರಾಂ ತೂಗಿತು.

ತಪ್ಪು ಮಾಡಿದ್ದು ಬಂದರಿನಲ್ಲಿ. ಅಲ್ಲಿ ಚೀಲ ತೆಗೆದುಕೊಂಡು ಕೋಣೆಗೆ ಮುಟ್ಟಿಸುವ ಆಳುಗಳಿರುತ್ತಾರೆ. ಕೈ ಹಗುರಾಯಿತೆಂದು ಚೀಲ ಕೊಟ್ಟುಬಿಟ್ಟೆವು. ಸಾವಿರಾರು ಜನರ ಸಾಮಾನು, ನಮ್ಮದು ಬಂದಾಗ ರಾತ್ರಿ ಎಂಟು. ಊಟ ಆರೂವರೆಗೆ. ಬೆಳಿಗ್ಗೆಯಿಂದ ರೈಲಿನಲ್ಲಿ ಮುದ್ದೆಯಾದ ಪಂಜಾಬಿ ಡ್ರೆಸ್ಸಿನಲ್ಲೇ ಮೇಜಿಗೆ ಕೂತೆ. ಯಾರೂ ಏನೂ ಅನ್ನಲಿಲ್ಲ, ಮೊದಲ ರಾತ್ರಿ ಎಲ್ಲರದೂ ಅಷ್ಟಕ್ಕಷ್ಟೇ ಎಂದು ಮಗಳು ಸಮಾಧಾನ ಹೇಳಿದಳು. ಆದರೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ಯೋಚಿಸಿ ಕಟ್ಟಿದ ಚೀಲವನ್ನು ಕೈಯಿಂದ ಬಿಟ್ಟದ್ದೇ ಬೇಸರ. ಮೊದಲ ಸಂಜೆಯ ಬಟ್ಟೆ ಮತ್ತು ಗುಳಿಗೆ ಹೆಗಲ ಚೀಲದಲ್ಲೇ ಇರಬೇಕು. ಇಳಿಯುವಾಗಲೂ ಹೀಗೇ ಎಚ್ಚರ ಬೇಕು, ಕೊನೆಯ ರಾತ್ರಿ ಸಾಮಾನನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ, ಬೆಳಗಿನ ಬಟ್ಟೆ ಒಳಗೆ ಉಳಿಸಿಕೊಳ್ಳದಿದ್ದರೆ ಫಜೀತಿ.

ಕೋಣೆಗೆ ಇಸ್ತ್ರಿಪೆಟ್ಟಿಗೆ ಒಯ್ಯುವಂತಿಲ್ಲ, ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು. ಕೋಟನ್ನು ಬಚ್ಚಲಲ್ಲಿ ತೂಗುಹಾಕಿ ಬಿಸಿನೀರು ಬಿಟ್ಟರೆ ಉಗಿಗೆ ಸುಕ್ಕು ಬಿಡುತ್ತದೆ. ಸೀರೆಗೆ ಅದೂ ಬೇಕಾಗಲಿಲ್ಲ. ಹೊಲಿಗೆಯಿಲ್ಲದ ಬಟ್ಟೆ, ಹಾಸಿಗೆಯ ಕೆಳಗೆ ಒಂದು ರಾತ್ರಿ ಇಟ್ಟರೆ ಸಾಕು.

ಎರಡನೆಯ ರಾತ್ರಿ ಚಂದ್ರಕಾಳಿ ಉಟ್ಟೆ. ಕೆಂಪು ಕಾರ್ಪೆಟ್ಟಿನ ಮೆಟ್ಟಿಲು ಇಳಿಯುವಾಗ ಕಾಲಲ್ಲಿ ಅಥಣಿಯ ಚಪ್ಪಲಿ, ಹೊಸದಾದ್ದರಿಂದ ಕಿರ್ ಕಿರ್ ಸದ್ದು. ಮೇ ತಿಂಗಳ ಆ ಸಮುದ್ರದ ಮೇಲೆ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಕಿಟಕಿಯ ಇಳಿಬಿಸಿಲು ಸೆರಗಿನ ಮೇಲೆ ಬಿದ್ದು ಕಸೂತಿಯ ಗೋಪುರ, ಅಂಬಾರಿ ಆನೆ, ತುಳಸಿಕಟ್ಟೆ ಒಂದೊಂದೂ ಎದ್ದು ಕಾಣುತ್ತಿದ್ದವು. ನನ್ನ ಅಂಜಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಬರ್ಗೆನ್ ಊರು ಮುಟ್ಟಿದ್ದು ಮೇ 17ಕ್ಕೆ. 1814ರಲ್ಲಿ ನಾರ್ವೆ ತನ್ನ ಸಂವಿಧಾನಕ್ಕೆ ಸಹಿ ಹಾಕಿದ ದಿನ ಅದು, ಅಲ್ಲಿಯವರ ದೊಡ್ಡ ಹಬ್ಬ. ಆ ದಿನ ಬೀದಿ ತುಂಬ ಬೂನಾದ್, ಅಂದರೆ ಅವರವರ ಸೀಮೆಯ ಉಡುಪು ಎಂದು ಮಗಳು ಮೊದಲೇ ಹೇಳಿದ್ದಳು. ಹಾಗಿದ್ದರೆ ನಾನೂ ಚಂದ್ರಕಾಳಿಯನ್ನೇ ಉಡುತ್ತೇನೆ ಎಂದೆ. ರಾತ್ರಿಗೆಂದು ತಂದದ್ದನ್ನು ಹಗಲಿಗೆ ಉಡಬಾರದೆಂದು ಯಾರು ಹೇಳಿದರು?

ಮೆರವಣಿಗೆಯ ಬದಿಗೆ ಒಬ್ಬ ಅಜ್ಜಿ ನಿಂತಿದ್ದರು. ಕೆಂಪು ಕಂಚುಕ, ಕಪ್ಪು ಉಣ್ಣೆಯ ಲಂಗ, ಎದೆಯ ಮೇಲೆ ಸಣ್ಣ ತಟ್ಟೆಗಳು ತೂಗುವ ಬೆಳ್ಳಿಯ ಪದಕ, ನಡೆದರೆ ಗೆಜ್ಜೆಯಂತೆ ಸದ್ದು. ಮುಂದೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನದೇ ಕೆಲಸ. ಹತ್ತಿರದ ಹಾರ್ಡಾಂಗರ್ ಸೀಮೆಯದು ಎಂದರು. ನಾನು ಬಗ್ಗಿ ನೋಡಿದೆ. ಎಳೆ ಎಣಿಸಿ ಹಾಕಿದ ಹೊಲಿಗೆ! ನಮ್ಮ ಕಸೂತಿಯೂ ಎಳೆ ಎಣಿಸಿಯೇ ಹಾಕುವುದು, ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ. ನನ್ನ ಸೆರಗು ತಿರುವಿ ಹಿಂಬದಿ ತೋರಿಸಿದೆ. ಗವಂತಿ ಹೊಲಿಗೆಗೆ ಗಂಟಿಲ್ಲ, ಹಿಂದೂ ಮುಂದೂ ಒಂದೇ ರೂಪ. ಅವರು ಕನ್ನಡಕ ಮೇಲೆತ್ತಿ, ಬೆರಳ ತುದಿಯಿಂದ ಮುರ್ಗಿ ಹೊಲಿಗೆಯ ಅಂಕುಡೊಂಕು ಗೆರೆಯನ್ನು ಕೊನೆಯವರೆಗೂ ಸವರಿದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕೇ ಮುಗಿದವು. ಇಬ್ಬರೂ ಕೈ ಹಿಡಿದುಕೊಂಡು ಸುಮ್ಮನೆ ನಿಂತೆವು.

ಮಧ್ಯಾಹ್ನ ಮಳೆ ಬಂತು. ಮಳೆಗೇ ಹೆಸರಾದ ಊರು ಅದು, ಮಳೆ ಕೋಟು ಇತ್ತು, ಸೀರೆ ಉಳಿಯಿತು. ಚಪ್ಪಲಿಯ ಯೋಚನೆಯೇ ಮಾಡಿರಲಿಲ್ಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಮೊಳೆಯಿಲ್ಲದೆ ತೊಗಲಿನ ವಾದಿಯಿಂದಲೇ ಹೊಲಿದ ಅಟ್ಟೆ, ನೀರು ಕುಡಿದು ಉಬ್ಬಿತು. ಮಗಳು ಕೂದಲು ಒಣಗಿಸುವ ಯಂತ್ರ ತಂದಳು, ನಾನು ತಡೆದೆ. ಕೊಳ್ಳುವಾಗ ಅಥಣಿಯ ಕಸುಬುದಾರರು ಹೇಳಿದ್ದರು: "ಅಕ್ಕಾರ, ತೊಯ್ದರ ನೆಳ್ಳಾಗ ಒಣಗಸ್ರಿ, ಬಿಸಿ ತಾಗಸಬ್ಯಾಡ್ರಿ, ಸೀಳತೈತಿ." ಕಾಗದ ತುರುಕಿ ಮೂರು ದಿನ ಮಂಚದ ಕೆಳಗಿಟ್ಟೆ, ಆಮೇಲೆ ತಲೆಗೆಂದು ಒಯ್ದಿದ್ದ ಎಣ್ಣೆ ಎರಡು ಹನಿ ಸವರಿದೆ. ಆಕಾರ ಉಳಿಯಿತು. ಎರಡನೆಯ ಔಪಚಾರಿಕ ರಾತ್ರಿಗೆ ಹಗಲಿನ ಕರಿ ಬೂಟನ್ನೇ ಹಾಕಿದೆ, ನಿರಿಗೆಯನ್ನು ಎರಡು ಬೆರಳು ಇಳಿಸಿ ಉಟ್ಟರೆ ಕಾಲು ಕಾಣುವುದಿಲ್ಲ. ಸೀರೆ ಅದೇ, ಕುಬಸ ಅರಿಷಿಣದ್ದು. ಮೇಜಿನ ಪಕ್ಕದ ಹೆಣ್ಣುಮಗಳು ಇವತ್ತಿನದು ಇನ್ನೂ ಚಂದವಿದೆ ಎಂದಳು. ನಮ್ಮವ್ವ ಇರಬೇಕಿತ್ತು.

2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ನನ್ನ ಅಥಣಿ ಚಪ್ಪಲಿಯಂಥದನ್ನೇ ತೊಡಿಸಿ ನಡೆಸಿದ ಸುದ್ದಿ ಬಂದಾಗ ಮನೆಯಲ್ಲಿ ಎಲ್ಲರಿಗೂ ಆ ಕೆಂಪು ಕಾರ್ಪೆಟ್ಟಿನ ಮಾತೇ. ಇದರ ಮೂಲ ಭಾರತದ ಕೈಕಸುಬು ಎಂದು ಅವರು ಒಪ್ಪಿಕೊಂಡದ್ದು ಗಲಾಟೆಯಾದ ಮೇಲೆ. ಈ ಚಪ್ಪಲಿಗಿರುವ ಕೊಲ್ಹಾಪುರಿ ಎಂಬ ಹೆಸರಿನ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಬೆಳಗಾವಿ ಸೇರಿ ನಮ್ಮ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿ ಕಡೆಯ ಕೈಗಳ ಹೆಸರನ್ನು ಅಷ್ಟು ದೂರ ಯಾರೂ ಹೇಳಲಿಲ್ಲವಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಆ ಪ್ರವಾಸದಿಂದ ಮರಳಿ ಬರುವಾಗ ಚೀಲ ಇನ್ನೂ ಹಗುರಾಗಿತ್ತು. ಚಂದ್ರಕಾಳಿಯನ್ನು ಮಗಳಲ್ಲಿ ಬಿಟ್ಟು ಬಂದೆ. ಮೊನ್ನೆ ಫೋನು ಮಾಡಿದ್ದಳು. "ಅವ್ವಾ, ಮಡಚೂಮುಂದ ಕಸೂತಿ ಒಳಗ ಬರಬೇಕೋ ಹೊರಗೋ?" ಒಳಗೆ ಬರಲಿ, ನಡುವೆ ಮೆತ್ತನೆಯ ಹತ್ತಿ ಬಟ್ಟೆ ಇಡು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸು ಎಂದೆ. ಬೇವಿನೆಲೆ ಅಲ್ಲಿ ಎಲ್ಲಿ ಸಿಗಬೇಕು? ಲವಂಗ ಕಟ್ಟಿಡಲು ಹೇಳಿದ್ದೇನೆ.